ಉದ್ದನೆಯ ಫಾರ್ಮುಲಾ ಪೂರ್ತಿ ಕಾಣಬೇಕೆ? ಹೀಗೆ ಮಾಡಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಎಕ್ಸೆಲ್ ಶೀಟ್ ತೆರೆದಿದ್ದೀರಿ. ಆರು ವಿಷಯ, ಒಟ್ಟು 625 ಅಂಕ. ಗ್ರೇಡ್ ಕಾಲಂನಲ್ಲಿ ಒಂದರೊಳಗೊಂದು ಇಫ್ (ಷರತ್ತು ನೋಡುವ ಫಂಕ್ಷನ್), ಪ್ರತಿ ಇಫ್‌ನಲ್ಲೂ ಅದೇ ಸಮ್ (ಅಂಕ ಕೂಡಿಸುವ ಫಂಕ್ಷನ್). ಒಬ್ಬ ಹುಡುಗಿಗೆ ಎ ಪ್ಲಸ್ ಬರಬೇಕಿತ್ತು, ಬಿ ಪ್ಲಸ್ ತೋರಿಸುತ್ತಿದೆ. ನೋಡೋಣವೆಂದು ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಫಾರ್ಮುಲಾ ಅಕ್ಕಪಕ್ಕಕ್ಕೆಲ್ಲ ಹರಡಿ ಸುತ್ತಲಿನ ಸೆಲ್‌ಗಳನ್ನು ಮುಚ್ಚಿಬಿಡುತ್ತದೆ. ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಒಂದೇ ಸಾಲು ಕಾಣುತ್ತದೆ. ಎಷ್ಟೋ ಮಂದಿ ಇಲ್ಲಿಗೇ ಕೈಚೆಲ್ಲಿ, ಗ್ರೇಡನ್ನು ಕೈಯಿಂದಲೇ ಟೈಪ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಬಾರ್ ಅಗಲವಾಗಲಿ. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಅದು ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ. ಎಷ್ಟು ಸಾಲು ಬೇಕೋ ಅಷ್ಟಕ್ಕೆ ಬಾರ್‌ನ ಕೆಳ ಅಂಚನ್ನು ಮೌಸ್‌ನಿಂದ ಎಳೆದುಕೊಳ್ಳಬಹುದು. ಗೂಗಲ್ ಶೀಟ್ಸ್‌ನಲ್ಲೂ ಹೀಗೆಯೇ ಅಂಚು ಎಳೆಯಬೇಕು.

ಎರಡನೆಯದಾಗಿ, ಸೆಲ್ ಒಳಗೆ ತಿದ್ದುವುದನ್ನೇ ನಿಲ್ಲಿಸಿ. ಎಕ್ಸೆಲ್‌ನ ಫೈಲ್ ಮೆನುವಿನಲ್ಲಿ ಆಪ್ಷನ್ಸ್, ಅದರೊಳಗೆ ಅಡ್ವಾನ್ಸ್ಡ್. ಅಲ್ಲಿ 'ಅಲೋ ಎಡಿಟಿಂಗ್ ಡೈರೆಕ್ಟ್‌ಲಿ ಇನ್ ಸೆಲ್ಸ್' ಎಂಬುದರ ಮುಂದಿನ ಟಿಕ್ ತೆಗೆಯಿರಿ. ಇನ್ನು ಎಫ್2 ಒತ್ತಿದರೆ ಕರ್ಸರ್ ನೇರ ಫಾರ್ಮುಲಾ ಬಾರ್‌ಗೆ ಹೋಗುತ್ತದೆ, ಕೆಳಗಿನ ಅಂಕಗಳೆಲ್ಲ ಕಣ್ಣೆದುರೇ ಇರುತ್ತವೆ. ಇನ್ನೊಂದು ಲಾಭವೂ ಇದೆ: ಈಗ ಡಬಲ್ ಕ್ಲಿಕ್ ಮಾಡಿದರೆ ಆ ಫಾರ್ಮುಲಾ ಯಾವ ಸೆಲ್‌ಗಳಿಂದ ಲೆಕ್ಕ ತೆಗೆದುಕೊಳ್ಳುತ್ತಿದೆಯೋ ಅಲ್ಲಿಗೇ ಕರೆದೊಯ್ಯುತ್ತದೆ.

ಮೂರನೆಯದು ಸಾಲು ಒಡೆಯುವುದು. ಬೇರೇನೂ ಮಾಡದಿದ್ದರೂ ಇದೊಂದನ್ನು ರೂಢಿ ಮಾಡಿಕೊಳ್ಳಿ. ಪ್ರತಿ ಷರತ್ತು ಮುಗಿದು ಅಲ್ಪವಿರಾಮ ಬಂದ ಕೂಡಲೇ ಆಲ್ಟ್ ಹಿಡಿದು ಎಂಟರ್ ಒತ್ತಿ; ಗೂಗಲ್ ಶೀಟ್ಸ್‌ನಲ್ಲಾದರೆ ಕಂಟ್ರೋಲ್ ಹಿಡಿದು ಎಂಟರ್. ಲೆಕ್ಕ ಕೆಡುವುದಿಲ್ಲ. ಎಕ್ಸೆಲ್ 2021, ಮೈಕ್ರೋಸಾಫ್ಟ್ 365 ಅಥವಾ ಗೂಗಲ್ ಶೀಟ್ಸ್ ಬಳಸುವವರು ಲೆಟ್ ಫಂಕ್ಷನ್‌ನಿಂದ ಒಟ್ಟು ಅಂಕಕ್ಕೆ ಒಂದು ಹೆಸರನ್ನೂ ಇಡಬಹುದು. ಆಗ ಸಮ್ ಒಮ್ಮೆ ಬರೆದರೆ ಸಾಕು (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ):

=ಲೆಟ್(ಟೋಟಲ್, ಸಮ್(ಬಿ2:ಜಿ2),
ಇಫ್(ಟೋಟಲ್>=563, "ಎ+",
ಇಫ್(ಟೋಟಲ್>=500, "ಎ",
ಇಫ್(ಟೋಟಲ್>=438, "ಬಿ+",

ಉಳಿದ ಗ್ರೇಡ್‌ಗಳಿಗೂ ಹೀಗೇ ಒಂದೊಂದು ಸಾಲು, ಕೊನೆಯಲ್ಲಿ ತೆರೆದಷ್ಟೇ ಬ್ರಾಕೆಟ್ ಮುಚ್ಚಬೇಕು. ಒಂದು ಎಚ್ಚರಿಕೆ: ಬಾರ್ ಮಡಚಿದಾಗ ಮೊದಲ ಸಾಲಷ್ಟೇ ಕಾಣುತ್ತದೆ. ನಿಮ್ಮ ಫೈಲ್ ತೆರೆದ ಸಹೋದ್ಯೋಗಿ ಫಾರ್ಮುಲಾ ಅರ್ಧ ಅಳಿಸಿಹೋಗಿದೆ ಎಂದು ಗಾಬರಿಯಾಗಬಹುದು, ಮೊದಲೇ ಹೇಳಿಡಿ.

ಈಗ ಆ ಹುಡುಗಿಯ ಗ್ರೇಡ್ ನೋಡೋಣ. ಫಾರ್ಮುಲಾ ಬಾರ್‌ನಲ್ಲಿ ಸಮ್‌ನಿಂದ ಅದರ ಬ್ರಾಕೆಟ್ ಮುಚ್ಚುವವರೆಗಿನ ಭಾಗವನ್ನಷ್ಟೇ ಸೆಲೆಕ್ಟ್ ಮಾಡಿ ಎಫ್9 ಒತ್ತಿ. ಆ ತುಂಡಿನ ಉತ್ತರ ಅಲ್ಲೇ ಮೂಡುತ್ತದೆ: 488. ಕೈಲೆಕ್ಕದಲ್ಲಿ 570 ಇದೆ. ಕಡಿಮೆ ಬಿದ್ದದ್ದು ಸರಿಯಾಗಿ 82, ಅದು ಆಕೆಯ ಗಣಿತದ ಅಂಕ. ಆ ಸೆಲ್‌ನ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಇದ್ದರೆ 82 ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಕೂತಿದೆ ಎಂದರ್ಥ. ಅಂಥದ್ದನ್ನು ಸಮ್ ಕೂಡಿಸುವುದಿಲ್ಲ. ನೋಡಿ ಮುಗಿದ ಮೇಲೆ ಎಸ್ಕೇಪ್ ಒತ್ತಿ. ಮರೆತು ಎಂಟರ್ ಒತ್ತಿದರೆ ಸಮ್ ಇದ್ದ ಜಾಗದಲ್ಲಿ 488 ಕಾಯಂ ಆಗಿ ಉಳಿದುಬಿಡುತ್ತದೆ.

ಸೆಲ್‌ನಲ್ಲಿ ಉತ್ತರದ ಬದಲು ಫಾರ್ಮುಲಾ ಹಾಗೇ ಕಂಡರೆ, ಆ ಸೆಲ್‌ನ ಫಾರ್ಮ್ಯಾಟ್ ಟೆಕ್ಸ್ಟ್ ಆಗಿದೆಯೇ ನೋಡಿ. ಜನರಲ್‌ಗೆ ಬದಲಿಸಿ ಎಫ್2, ಎಂಟರ್ ಒತ್ತಿದರೆ ಆಯಿತು. ಇಡೀ ಶೀಟಿನಲ್ಲೇ ಹಾಗೆ ಕಂಡರೆ, ಫಾರ್ಮುಲಾಸ್ ಟ್ಯಾಬ್‌ನ 'ಶೋ ಫಾರ್ಮುಲಾಸ್' ಬಟನ್ ಆನ್ ಆಗಿರುತ್ತದೆ.

ಷರತ್ತಿಗೆ ತಕ್ಕಂತೆ ಸೆಲ್‌ಗೆ ಬಣ್ಣ ಹಚ್ಚುವ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಫಾರ್ಮುಲಾ ಬರೆಯುವ ಕಿರಿದಾದ ಪೆಟ್ಟಿಗೆಯದು ಬೇರೆಯೇ ಕಾಟ. ಅಲ್ಲಿ ಫಾರ್ಮುಲಾದೊಳಗೆ ಹಿಂದೆ ಹೋಗಲು ಬಾಣದ ಕೀಲಿ ಒತ್ತಿದರೆ ಕರ್ಸರ್ ಸರಿಯುವುದಿಲ್ಲ, ಬೇಡದ ಸೆಲ್ ವಿಳಾಸವೊಂದು ನಡುವೆ ಬಂದು ಸೇರಿಕೊಳ್ಳುತ್ತದೆ. ಬಾಣಕ್ಕೆ ಕೈ ಹಾಕುವ ಮೊದಲು ಒಮ್ಮೆ ಎಫ್2 ಒತ್ತಿ, ಕರ್ಸರ್ ಹೇಳಿದಂತೆ ಕೇಳುತ್ತದೆ.