ಹಳೆ ಕಾರಿನ ಆಯಿಲ್ ಲೀಕ್: ಮೊದಲು ತೊಳೆಯಿರಿ, ಆಮೇಲೆ ಹುಡುಕಿ

ನೆಲದ ಮೇಲೆ ಆಯಿಲ್ ಎಲ್ಲಿ ಬಿದ್ದಿದೆಯೋ ಅದರ ನೇರ ಮೇಲೆಯೇ ಲೀಕ್ ಇದೆ ಅಂದುಕೊಳ್ಳುವವರೇ ಜಾಸ್ತಿ. ಕಲೆ ಕಂಡ ಕೂಡಲೇ ಚೇಂಬರ್ (ಇಂಜಿನ್ನಿನ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್ ಬದಲಾಯಿಸುತ್ತಾರೆ. ವಾರ ಕಳೆದರೆ ಮತ್ತೆ ಅದೇ ಕಲೆ. ಆಯಿಲ್ ಮೇಲಿಂದ ಇಳಿದು ಬರುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ.

1. ಅದು ಇಂಜಿನ್ ಆಯಿಲ್ ಹೌದಾ ನೋಡಿ. ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿಡಿ. ಕಂದು ಅಥವಾ ಕಪ್ಪು ಜಿಡ್ಡಾದರೆ ಇಂಜಿನ್ ಆಯಿಲ್. ಗಂಧಕದಂಥ ಘಾಟಿದ್ದರೆ ಗೇರ್ ಆಯಿಲ್. ಬರೀ ನೀರಾದರೆ ಏಸಿಯದು, ಬಿಟ್ಟುಬಿಡಿ.

2. ತೊಳೆಯಿರಿ. ಇಂಜಿನ್ ತಣ್ಣಗಿದ್ದಾಗ ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ, ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಪ್ರೆಷರ್ ವಾಷರ್ ಬೇಡವೇ ಬೇಡ. ಆಲ್ಟರ್ನೇಟರ್‌ಗೂ ವೈರಿನ ಸಾಕೆಟ್‌ಗಳಿಗೂ ನೀರು ನುಗ್ಗಿದರೆ ಲೀಕಿಗಿಂತ ದೊಡ್ಡ ತಲೆನೋವು.

3. ಈಗ ಹುಡುಕಿ. ಎಲ್ಲರೂ ಎಡವುವುದು ಇಲ್ಲೇ, ಅವಸರ ಮಾಡಬೇಡಿ. ಕಾರನ್ನು ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಆಫ್ ಮಾಡಿ, ಟಾರ್ಚ್ ಹಿಡಿದು ಮೇಲಿನಿಂದ ಶುರು ಮಾಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಮೊದಲ ಆರೋಪಿ.

ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಸುತ್ತ ನೋಡಿ. ಮುಂದಿನ ಅಂಚು ಒಣಗಿದೆ ಅಂತ ಸಮಾಧಾನ ಪಡಬೇಡಿ. ಕಣ್ಣಿಗೆ ಬೀಳದ ಹಿಂದಿನ ಅಂಚಿಗೆ ಚಿಕ್ಕ ಕನ್ನಡಿ ಹಿಡಿಯಿರಿ, ಇಂಜಿನ್ ಆರಿದ ಮೇಲೆ ಬೆರಳಾಡಿಸಿ. ಆಯಿಲ್ ಒತ್ತಡ ಕಡಿಮೆಯಾದರೆ ದೀಪ ಹೊತ್ತಿಸುವ ಆಯಿಲ್ ಪ್ರೆಷರ್ ಸ್ವಿಚ್ಚಿನ ವೈರಿನ ಸಾಕೆಟ್ ಕಿತ್ತು ನೋಡಿ. ಅದರೊಳಗೆ ಆಯಿಲ್ ಇದ್ದರೆ ಸ್ವಿಚ್ಚೇ ಸೋರುತ್ತಿದೆ. ಫಿಲ್ಟರ್ ಬದಲಾಯಿಸಿದ ಮೇಲೆ ಲೀಕ್ ಶುರುವಾಯಿತಾ? ಹಳೆ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡು ಉಳಿದಿರಬಹುದು. ಚೇಂಬರಿನ ಡ್ರೈನ್ ಬೋಲ್ಟಿನ ವಾಷರ್ ಕೊನೆಗೆ ನೋಡಿದರೆ ಸಾಕು.

ಆದರೂ ಗೊತ್ತಾಗದಿದ್ದರೆ, ಒಣ ಲೋಹದ ಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ, ಇಂಜಿನ್ ಸ್ವಲ್ಪ ಹೊತ್ತು ಓಡಲಿ. ಬಿಳಿ ಪುಡಿಯಲ್ಲಿ ಆಯಿಲ್ ಕಪ್ಪು ಗೆರೆ ಎಳೆಯುತ್ತದೆ. ಆ ಗೆರೆಯ ಮೇಲ್ತುದಿಯೇ ನಿಮಗೆ ಬೇಕಾದ ಜಾಗ. ಆಯಿಲ್‌ಗೆ ಯುವಿ ಡೈ (ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ) ಬೆರೆಸಿ ಯುವಿ ಟಾರ್ಚ್ ಹಾಕಿ ನೋಡುವುದು ಇನ್ನೂ ಖಾತ್ರಿ.

4. ಇಂಜಿನ್–ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕುತ್ತಿದ್ದರೆ 'ಕ್ರ್ಯಾಂಕಿನ (ಇಂಜಿನ್ನೊಳಗೆ ತಿರುಗುವ ಮುಖ್ಯ ದಂಡ) ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು' ಅನ್ನುವವರು ಸಿಗುತ್ತಾರೆ. ನಿಜವೂ ಇರಬಹುದು. ಆದರೆ ಟ್ಯಾಪೆಟ್ ಕವರಿನ ಹಿಂಬದಿಯಿಂದ ಇಳಿದ ಆಯಿಲೂ ಅಲ್ಲೇ ಬೀಳುತ್ತದೆ. ಮೇಲೆಲ್ಲ ಒಣಗಿದೆ ಅಂತ ಖಚಿತವಾಗುವ ತನಕ ಒಪ್ಪಬೇಡಿ.

5. ನಾಲ್ಕಾರು ಕಡೆ ಒಟ್ಟಿಗೇ ಸೋರುತ್ತಿದ್ದರೆ ಇಂಜಿನ್ನೊಳಗಿನ ಗ್ಯಾಸ್ ಹೊರಗೆ ಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿ. ಸಾಮಾನ್ಯವಾಗಿ ಒಳಗೆ ಟಕಟಕ ಅನ್ನಬೇಕು. ಅದು ಕಟ್ಟಿಕೊಂಡರೆ ಇಂಜಿನ್ನೊಳಗಿನ ಒತ್ತಡ ಹೊಸ ಸೀಲನ್ನೂ ಬಿಡುವುದಿಲ್ಲ.

ಲೀಕ್ ನಿಲ್ಲಿಸುತ್ತೇವೆ ಅನ್ನುವ ಬಾಟಲಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ನಾಲ್ಕು ದಿನ ತಳ್ಳುತ್ತವೆ, ಒಡೆದ ಪ್ಯಾಕಿಂಗ್ ಕೂಡಿಸುವುದಿಲ್ಲ. ಸಿಲಿಕೋನ್ ಪೇಸ್ಟ್ ಮೆತ್ತುವುದು ಇನ್ನೂ ಕೆಟ್ಟದ್ದು: ಒಳಗೆ ಉದುರಿದ ಚೂರುಗಳು ಆಯಿಲ್ ಪಂಪಿನ ಜಾಲರಿ ಕಟ್ಟಿಸುತ್ತವೆ. ಟ್ಯಾಪೆಟ್ ಕವರಿನ ಬೋಲ್ಟ್ ಬಲವಾಗಿ ಬಿಗಿದರೂ ಕವರ್ ಸೊಟ್ಟಗಾಗಿ ಲೀಕ್ ಹೆಚ್ಚುತ್ತದೆ.

ಕಾರಿನಡಿ ನುಸುಳುವುದಿದ್ದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಆಯಿಲ್ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದು ಹೊಗೆ ಬರುತ್ತಿದ್ದರೆ ಬೆಂಕಿ ಹತ್ತಬಹುದು. ರಿಪೇರಿ ಆಗುವ ತನಕ ಆ ಕಾರು ಹೊರಗೆ ತೆಗೆಯಬೇಡಿ.