ಪೊಟೊಮ್ಯಾಕ್ ಜ್ವರ ಬಂದ ಕುದುರೆಯ ಗೊರಸನ್ನು ಉಳಿಸಿಕೊಳ್ಳುವ ಕ್ರಮ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಪೊಟೊಮ್ಯಾಕ್ ನದಿಯ ಸಮೀಪದ ಕುದುರೆಗಳಲ್ಲಿ 1979ರಲ್ಲಿ ಮೊದಲಿಗೆ ಗುರುತಿಸಲಾದ ಈ ಜ್ವರಕ್ಕೆ ನಿಯೋರಿಕೆಟ್ಸಿಯಾ ರಿಸ್ಟಿಸಿಯೈ ಎಂಬ ಬ್ಯಾಕ್ಟೀರಿಯಾ ಕಾರಣ. ಸಿಹಿನೀರಿನ ಬಸವನಹುಳುಗಳಲ್ಲಿ ಬೆಳೆಯುವ ಚಪ್ಪಟೆ ಪರಾವಲಂಬಿ ಹುಳುಗಳೊಳಗೆ ಈ ಬ್ಯಾಕ್ಟೀರಿಯಾ ಇರುತ್ತದೆ. ಆ ಹುಳುಗಳ ಮೂಲಕ ಮೇಫ್ಲೈ, ಕ್ಯಾಡಿಸ್‌ಫ್ಲೈ ಮುಂತಾದ ನೀರಿನ ಕೀಟಗಳನ್ನು ಸೇರಿ, ಕೊನೆಗೆ ಹುಲ್ಲು ಅಥವಾ ನೀರಿನ ಜೊತೆ ಕೀಟವನ್ನು ನುಂಗಿದ ಕುದುರೆಯ ಕರುಳನ್ನು ತಲುಪುತ್ತದೆ. ಒಂದು ಕುದುರೆಯಿಂದ ಇನ್ನೊಂದಕ್ಕೆ ಇದು ನೇರವಾಗಿ ಹರಡುವುದಿಲ್ಲ.

ಹೆಚ್ಚಿನ ಪ್ರಕರಣಗಳು ಅಮೆರಿಕದ ಬೇಸಿಗೆಯಲ್ಲಿ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕಾಣಿಸಿಕೊಳ್ಳುವುದರಿಂದ, ನದಿ ಅಥವಾ ತೊರೆಯ ಸಮೀಪ ಕುದುರೆ ಸಾಕುವವರು ಆ ತಿಂಗಳುಗಳಲ್ಲಿ ಪ್ರತಿದಿನವೂ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಉಷ್ಣಾಂಶ ನೋಡಿ ಬರೆದಿಡುವುದು ಒಳ್ಳೆಯದು. ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ಉಷ್ಣಾಂಶ ಸಾಮಾನ್ಯವಾಗಿ 38.3 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಈ ರೋಗದಲ್ಲಿ ಜ್ವರ ಎರಡು ಸಲ ಏರುವುದುಂಟು: ಮೊದಲನೆಯದು ತಾನಾಗಿಯೇ ಇಳಿದು ಯಾರ ಗಮನಕ್ಕೂ ಬಾರದೆ ಹೋಗಬಹುದು, ಕೆಲವು ದಿನಗಳ ನಂತರ ಬರುವ ಎರಡನೆಯದರ ಜೊತೆಗೆ ಮಂಕುತನ, ಮೇವು ಬಿಡುವುದು, ಹೊಟ್ಟೆನೋವು, ನೀರಿನಂಥ ಭೇದಿ ಕಾಣಿಸಬಹುದು. ಭೇದಿ ಎಲ್ಲ ಕುದುರೆಗಳಲ್ಲೂ ಆಗುವುದಿಲ್ಲ. ಅದು ಶುರುವಾಗಲಿ ಎಂದು ಕಾಯುವುದರಿಂದಲೇ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ.

ಜ್ವರ ಖಚಿತವಾದ ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಅವರು ರಕ್ತ ಮತ್ತು ಲದ್ದಿಯ ಮಾದರಿಗಳನ್ನು ರೋಗಾಣುವಿನ ಡಿಎನ್ಎಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಕಳುಹಿಸುತ್ತಾರೆ, ಆದರೆ ಫಲಿತಾಂಶ ಬರುವ ಮುನ್ನವೇ ರಕ್ತನಾಳದ ಮೂಲಕ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡಲು ಆರಂಭಿಸುವುದು ವಾಡಿಕೆ. ಬೇಗ ಕೊಟ್ಟರೆ ಜ್ವರ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯತೊಡಗುತ್ತದೆ. ನೀರಿನಂಶ ಕಳೆದುಕೊಂಡ ಕುದುರೆಯಲ್ಲಿ ಈ ಔಷಧಿಯೂ ನೋವು ನಿವಾರಕಗಳೂ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವಾದ್ದರಿಂದ ಮನೆಯಲ್ಲಿರುವ ಹಳೆಯ ಔಷಧಿಯನ್ನು ಸ್ವಂತ ಅಂದಾಜಿನಿಂದ ಕೊಡಲೇಬಾರದು.

ಈ ರೋಗದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಅಂಜುವುದು ಲ್ಯಾಮಿನೈಟಿಸ್‌ಗೆ. ಗೊರಸಿನೊಳಗಿನ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಡುವ ಪದರಗಳು ಕರುಳಿನ ಉರಿಯೂತದ ಪರಿಣಾಮವಾಗಿ ಸಡಿಲಗೊಂಡು, ಇಡೀ ದೇಹದ ಭಾರ ಹೊತ್ತ ಮೂಳೆ ಒಳಗೇ ತಿರುಗುತ್ತದೆ ಅಥವಾ ಕೆಳಗೆ ಜಾರುತ್ತದೆ. ಸೋಂಕು ವಾಸಿಯಾದ ಮೇಲೂ ಕುದುರೆಯನ್ನು ಕಳೆದುಕೊಳ್ಳಬೇಕಾಗಿ ಬರುವುದು ಬಹುತೇಕ ಇದರಿಂದಲೇ. ಕುಂಟು ಕಾಣಿಸುವ ಹೊತ್ತಿಗೆ ಪದರಗಳಿಗೆ ಪೆಟ್ಟು ಬಿದ್ದಾಗಿರುತ್ತದೆ. ಹಾಗಾಗಿ ಕುದುರೆ ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ ಕಾಲುಗಳನ್ನು ತಣ್ಣಗಿಡಲು ಆರಂಭಿಸಬೇಕು.

ಇದಕ್ಕೆ ಮಂಜುಗಡ್ಡೆ ಮತ್ತು ನೀರು ಎರಡೂ ಬೇಕು, ಏಕೆಂದರೆ ಗೊರಸಿನ ಸುತ್ತಲೂ ಒಂದೇ ಸಮನೆ ತಾಗುವುದು ಮಂಜುಗಡ್ಡೆಯಲ್ಲ, ಅದು ತಣ್ಣಗಿಟ್ಟ ನೀರು. ಎತ್ತರದ ಐಸ್ ಬೂಟುಗಳನ್ನಾಗಲಿ ದಪ್ಪನೆಯ ಪ್ಲಾಸ್ಟಿಕ್ ಚೀಲಗಳನ್ನಾಗಲಿ ಕಟ್ಟಿ, ಗೊರಸು ಮುಳುಗಿ ಮೇಲಿನ ಕೀಲನ್ನೂ ದಾಟಿ, ಸಾಧ್ಯವಾದರೆ ಮೊಣಕಾಲಿನ ಕೆಳಗಿನವರೆಗೂ ತುಂಬಬೇಕು. ಗೊರಸಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕು. ದಿನಕ್ಕೆ ಎರಡು ಸಲ ಅರ್ಧ ಗಂಟೆ ತಣ್ಣೀರು ಹೊಯ್ಯುವುದರಿಂದ ಇದು ಸಾಧ್ಯವಾಗುವುದಿಲ್ಲ. ಸಾಮಾನ್ಯವಾಗಿ 48ರಿಂದ 72 ಗಂಟೆ, ಅಗತ್ಯವಿದ್ದರೆ ಇನ್ನೂ ಹೆಚ್ಚು ಕಾಲ, ರೋಗದ ತೀವ್ರತೆ ತಗ್ಗಿ ಒಂದು ದಿನ ಕಳೆಯುವವರೆಗೂ ಬಿಡುವಿಲ್ಲದೆ ನಡೆಸಬೇಕಾದ್ದರಿಂದ, ರಾತ್ರಿಯೂ ಮಂಜುಗಡ್ಡೆ ತುಂಬಲು ಸರದಿಯಂತೆ ಜನರನ್ನು ನಿಲ್ಲಿಸಿಕೊಳ್ಳಿ. ಮುಂಗಾಲುಗಳು ಹೆಚ್ಚು ಭಾರ ಹೊರುವುದರಿಂದ ಅವಕ್ಕೆ ಮೊದಲ ಆದ್ಯತೆ, ಆದರೆ ನಾಲ್ಕೂ ಕಾಲುಗಳಿಗೆ ಮಾಡುವುದೇ ಸರಿ.

ಕುದುರೆಯನ್ನು ದಪ್ಪನೆಯ ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ, ನಡೆಸಬೇಡಿ. ಗೊರಸಿನ ಮೇಲಿನ ಕೀಲಿನ ಹಿಂಬದಿಯಲ್ಲಿ ಬೆರಳಿಟ್ಟಾಗ ನಾಡಿ ಬಲವಾಗಿ ಬಡಿಯುತ್ತಿದ್ದರೆ, ಕುದುರೆ ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಉಳಿದ ಕುದುರೆಗಳ ರಕ್ಷಣೆಗೆ, ಕೀಟಗಳನ್ನು ಸೆಳೆಯುವ ಲಾಯದ ದೀಪಗಳನ್ನು ರಾತ್ರಿ ಆರಿಸಿ, ಮೇವಿನ ಮೇಲೆ ಹೊದಿಕೆ ಹಾಕಿ, ನೀರಿನ ತೊಟ್ಟಿಯಲ್ಲಿ ತೇಲುವ ಸತ್ತ ಕೀಟಗಳನ್ನು ಪ್ರತಿದಿನ ತೆಗೆಯಬೇಕು. ಲಸಿಕೆ ಲಭ್ಯವಿದ್ದರೂ ಅದರ ರಕ್ಷಣೆ ಪೂರ್ಣವಲ್ಲ. ಲಸಿಕೆ ಪಡೆದ ಕುದುರೆಗೆ ಬೇಸಿಗೆಯಲ್ಲಿ ಜ್ವರ ಬಂದರೂ ಇದೇ ರೋಗವೆಂದು ಶಂಕಿಸಿ ಮಂಜುಗಡ್ಡೆಯನ್ನು ಸಿದ್ಧಮಾಡಿಕೊಳ್ಳಿ.