ಉಪನ್ಯಾಸದ ಧ್ವನಿ ಮತ್ತು ಟಿಪ್ಪಣಿಯನ್ನು ಜೋಡಿಸಿಡುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತವರಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹೊಸತಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಅದರಲ್ಲಿ. ಆದ್ದರಿಂದ ಕಾಲೇಜಿನ ಉಪನ್ಯಾಸಗಳನ್ನು ಧ್ವನಿಮುದ್ರಿಸಿಕೊಳ್ಳುವುದಕ್ಕೆ ಹಣ ಕೊಟ್ಟು ತಂತ್ರಾಂಶ ಕೊಳ್ಳುವ ಬದಲು, ಉಬುಂಟುವಿನಂಥ ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಉಚಿತವಾಗಿ ದೊರೆಯುವ, ಟಿಪ್ಪಣಿ ಬರೆಯುವ ತಂತ್ರಾಂಶವಾದ ಝೂರ್ನಲ್ ಪ್ಲಸ್ ಪ್ಲಸ್ (Xournal++) ಅನ್ನು ಬಳಸಬಹುದು. (ಹುಡುಕುವಾಗ ಹೆಸರು ಎಕ್ಸ್ ಅಕ್ಷರದಿಂದ ಆರಂಭವಾಗುತ್ತದೆ ಎಂಬುದು ನೆನಪಿರಲಿ.) ಧ್ವನಿಮುದ್ರಣ ನಡೆಯುತ್ತಿರುವಾಗ ಪರದೆಯ ಪುಟದ ಮೇಲೆ ಬರೆದ ಪ್ರತಿಯೊಂದು ಗೆರೆಯ ಜೊತೆಗೂ ಆ ಕ್ಷಣದ ಧ್ವನಿಯ ಗುರುತು ಸೇರಿಕೊಳ್ಳುವುದು ಇದರ ವಿಶೇಷ.

ಮೊದಲು ಸೆಟ್ಟಿಂಗ್ಸ್‌ನ ಆಡಿಯೋ ವಿಭಾಗದಲ್ಲಿ ಧ್ವನಿ ಉಳಿಸುವ ಫೋಲ್ಡರನ್ನೂ ಮೈಕನ್ನೂ ಆರಿಸಿಕೊಳ್ಳಬೇಕು. ಅಧ್ಯಾಪಕರ ಒಪ್ಪಿಗೆ ಪಡೆದ ಮೇಲೆ ರೆಕಾರ್ಡ್ ಗುಂಡಿಯನ್ನು ಒತ್ತಿ ಬರೆಯತೊಡಗಿದರೆ ಸಾಕು.

ಆದರೆ ಬರೆಯುವ ಕ್ರಮವನ್ನು ಬದಲಿಸಿಕೊಳ್ಳದಿದ್ದರೆ ಇದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಛಂದಸ್ಸಿನ ತರಗತಿಯಲ್ಲಿ ಅಧ್ಯಾಪಕರು ಭಾಮಿನಿ ಷಟ್ಪದಿಯ ಪದ್ಯವೊಂದನ್ನು ವಾಚಿಸಿ, 1, 2, 4, 5ನೆಯ ಸಾಲುಗಳಲ್ಲಿ 3 ಮತ್ತು 4 ಮಾತ್ರೆಗಳ ಗಣಗಳು ಒಂದಾದ ಮೇಲೊಂದರಂತೆ ಬಂದು ಒಟ್ಟು 14 ಮಾತ್ರೆಗಳಾಗುತ್ತವೆ ಎಂದು ವಿವರಿಸುತ್ತಿದ್ದಾರೆ ಎನ್ನೋಣ. ಪದ್ಯವನ್ನೆಲ್ಲ ಬರೆದುಕೊಳ್ಳಲು ಹೊರಟವನು ವಿವರಣೆಯನ್ನು ಕಳೆದುಕೊಳ್ಳುತ್ತಾನೆ. ‘ಭಾಮಿನಿ 3+4’ ಎಂದಷ್ಟೇ ಬರೆದವನು ರಾತ್ರಿ ಮನೆಯಲ್ಲಿ, ಪ್ಲೇ ಆಬ್ಜೆಕ್ಟ್ ಎಂಬ ಉಪಕರಣದಿಂದ ಆ ಬರಹವನ್ನು ಮುಟ್ಟಿ, ವಾಚನವನ್ನು ಅಲ್ಲಿಂದಲೇ ಕೇಳಬಹುದು. ಬರೆಯುವ ಹೊತ್ತಿಗೆ ಮಾತು ಸ್ವಲ್ಪ ಮುಂದೆ ಹೋಗಿರುತ್ತದೆಯಾದ್ದರಿಂದ ಕೆಲವು ಸೆಕೆಂಡು ಹಿಂದಕ್ಕೆ ಸರಿಸಬೇಕಾದೀತು. ಮಾತನ್ನು ತಾನಾಗಿಯೇ ಅಕ್ಷರಕ್ಕಿಳಿಸುವ ತಂತ್ರಾಂಶಗಳಿಗಿಂತ ನಮ್ಮ ಕಡೆಯ ತರಗತಿಗಳಿಗೆ ಇದೇ ವಾಸಿ ಎಂಬುದು ನನ್ನ ಅನುಭವ. ಕನ್ನಡದ ನಡುವೆ ತುಳು, ಮಲಯಾಳಗಳು ನುಸುಳಿದೊಡನೆ ಆ ತಂತ್ರಾಂಶಗಳು ತಬ್ಬಿಬ್ಬಾಗುತ್ತವೆ.

ಗಣಕಕ್ಕೆ ಜೋಡಿಸಿ ಕೈಯಿಂದ ಬರೆಯುವ ಪೆನ್ ಟ್ಯಾಬ್ಲೆಟ್ ಇಲ್ಲದವರು ಪಠ್ಯವನ್ನು ಟೈಪ್ ಮಾಡಬಹುದಾದರೂ ಲ್ಯಾಪ್‌ಟಾಪಿನ ಮೈಕಿಗೆ ಕೀಲಿಗಳ ಸದ್ದೇ ಮೊದಲು ಕೇಳಿಸುತ್ತದೆ. ಜೂನ್ ತಿಂಗಳಲ್ಲಿ ಹಂಚಿನ ಮೇಲೆ ಮಳೆ ಹೊಯ್ಯುತ್ತಿರುವಾಗಲಂತೂ ಮೊದಲ ಬೆಂಚಿನಲ್ಲಿ ಕುಳಿತು, ತಂತಿಯ ಮೈಕನ್ನು ಅಧ್ಯಾಪಕರ ಮೇಜಿನ ಮೇಲೆ ಮಡಚಿದ ಕರವಸ್ತ್ರದ ಮೇಲಿಡುವುದು ಒಳ್ಳೆಯದು.

ಒಂದು ಎಚ್ಚರಿಕೆಯಿದೆ. ಧ್ವನಿಯು ಟಿಪ್ಪಣಿಯ ಕಡತದೊಳಗೆ ಇರುವುದಿಲ್ಲ, ಆರಂಭದಲ್ಲಿ ಆರಿಸಿದ ಫೋಲ್ಡರಿನಲ್ಲಿ ಬೇರೆಯಾಗಿ ಉಳಿಯುತ್ತದೆ. ನಾನೊಮ್ಮೆ ಗೆಳೆಯನಿಗೆ ಟಿಪ್ಪಣಿಯನ್ನಷ್ಟೇ ಕಳುಹಿಸಿ, ಪರೀಕ್ಷೆಯ ಹಿಂದಿನ ರಾತ್ರಿ ಅವನಿಂದ ಬೈಸಿಕೊಂಡಿದ್ದೇನೆ. ಪೆನ್‌ಡ್ರೈವಿಗೆ ಹಾಕುವಾಗ ಎರಡನ್ನೂ ಒಟ್ಟಿಗೆ ಹಾಕಿ.